ಮಾದಿ ಹೆತ್ತೆಯ ಕೆಂಪು ಮೆಕ್ಕೆಜೋಳ

ಗುಂಡ್ಲುಪೇಟೆ ದಾಟಿದ ಮೇಲೆ

ನಮ್ಮ ಅವ್ವನ ಪ್ರಕಾರ ಪರದೇಶ ಶುರುವಾಗುವುದು ಸಮುದ್ರ ದಾಟಿದ ಮೇಲಲ್ಲ, ಗುಂಡ್ಲುಪೇಟೆ ದಾಟಿದ ಮೇಲೆ. ದಾವಣಗೆರೆಯ ಅಂಗಳ ಬಿಟ್ಟು ಆಕೆ ನೋಡಿದ್ದು ಹರಿಹರ, ಉಳವಿ, ಒಂದು ಸಲ ಮೈಸೂರು. ಅದರಾಚೆ ಬೇರೆ ಭಾಷೆ, ಬೇರೆ ಅನ್ನ, ಬೇರೆ ಪೊಲೀಸು. ಹಾಗಾಗಿ ನನ್ನ ತಂಗಿ ಸುಮ ನೀಲಗಿರಿಗೆ ಹೊರಟು ನಿಂತಾಗ ಅವ್ವ ಒಂದೇ ಷರತ್ತು ಹಾಕಿದಳು: "ಅಕ್ಕನ್ನ ಕರ್ಕೊಂಡು ಹೋಗು."

ಕಾವಲಿಗೆ ನನ್ನನ್ನು ಆರಿಸಿದ್ದು ಅವ್ವನ ದೊಡ್ಡ ತಪ್ಪು. ನಾನು ಹುಟ್ಟಾ ಪುಕ್ಕಲಿ. ಗುಡುಗಿಗೆ ಹೆದರುತ್ತೇನೆ, ಪ್ರೆಷರ್ ಕುಕ್ಕರಿಗೆ ಹೆದರುತ್ತೇನೆ, ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೆ ಎತ್ತುವ ಮೊದಲೇ ಅಳು ಬರುತ್ತದೆ. ಸುಮ ಹಾಗಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಮೆಕ್ಕೆಜೋಳದ ಎಲೆ ಒಣಗಿಸುವ ಒಂದು ಶಿಲೀಂಧ್ರದ ಹಿಂದೆ ಬಿದ್ದು ಊರೂರು ತಿರುಗುವುದೇ ಅವಳ ಕೆಲಸ. ಶಿಲೀಂಧ್ರ ಅಂದರೆ ನಮ್ಮ ಉಪ್ಪಿನಕಾಯಿ ಜಾಡಿಯಲ್ಲಿ ಬರುತ್ತದಲ್ಲ, ಬೂಷ್ಟು, ಅದೇ ಕುಲದ್ದು.

ಬಸ್ಸಿನಲ್ಲಿ ಕೂತು ಅವಳು ನನಗೆ ತಿಳಿಯುವ ಹಾಗೆ ಹೇಳಿದ್ದಿಷ್ಟು. ನಮ್ಮ ಕಡೆಯ ಹೊಲಗಳಲ್ಲಿ ಸಿಗುವ ಬೂಷ್ಟೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಇವೆ. ಅವಕ್ಕೆ ಬಗ್ಗದ ಹೊಸ ಬೀಜವನ್ನು ತಯಾರಿಸಬಹುದು. ಆದರೆ ಎಲ್ಲೋ ತಂಪು ಬೆಟ್ಟದಲ್ಲಿ ಬೇರೆ ಮನೆತನದ ಬೂಷ್ಟು ಇದ್ದು, ಅದು ಒಂದು ದಿನ ಇಳಿದು ಬಂದರೆ ಹೊಸ ಬೀಜದ ಕಥೆ ಮುಗಿಯಿತು. ಎಷ್ಟು ಮನೆತನಗಳಿವೆ, ಯಾವುದು ಯಾವುದರೊಂದಿಗೆ ಸಂಬಂಧ ಬೆಳೆಸಿದೆ ಎಂದು ತಿಳಿಯಬೇಕು. ಅದಕ್ಕೇ ಬೆಟ್ಟದ ಎಲೆ ಬೇಕು.

"ಕನ್ಯೆ ನೋಡೋಕೆ ಹೋದಂಗಾಯ್ತು," ಎಂದೆ.

"ಹೌದು ಅಕ್ಕ. ಆದ್ರೆ ಮದುವೆ ಆಗದೇ ಇದ್ರೆ ಒಳ್ಳೇದು," ಎಂದಳು.

ಬಂಡೀಪುರದ ಕಾಡು ಹೊಕ್ಕಾಗ ನನಗೆ ಇದೆಲ್ಲ ಮರೆತುಹೋಯಿತು. ಆ ದಿನಗಳಲ್ಲಿ ಆ ಕಾಡುಗಳ ಹೆಸರು ಪತ್ರಿಕೆಯಲ್ಲಿ ಒಳ್ಳೆಯ ಕಾರಣಕ್ಕೆ ಬರುತ್ತಿರಲಿಲ್ಲ. ಪ್ರತಿ ಪೊದೆಯ ಹಿಂದೆ ಕೋವಿ ಹಿಡಿದ ಮನುಷ್ಯ ಕೂತಿದ್ದಾನೆಂದೇ ನನಗೆ ಅನ್ನಿಸುತ್ತಿತ್ತು. ಗಡಿಯಲ್ಲಿ ಬಸ್ಸು ನಿಂತಾಗ ಖಾಕಿ ತೊಟ್ಟವನೊಬ್ಬ ಹತ್ತಿ ತಮಿಳಿನಲ್ಲಿ ಏನೋ ಕೇಳಿದ. ನಾನು ಕೇಳದೆಯೇ ಚೀಲ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ, ಸೀರೆ ಎಲ್ಲ ತೋರಿಸಿದೆ. ಅವನು ಕೇಳಿದ್ದು, ಪಕ್ಕದ ಸೀಟು ಖಾಲಿ ಇದೆಯೇ ಎಂದಂತೆ.

ಮಸಿನಗುಡಿ

ತೆಪ್ಪಕಾಡಿನಲ್ಲಿ ಇಳಿದು ಜೀಪು ಹಿಡಿದೆವು. ಸಾಕಾನೆಯೊಂದು ಹೊಳೆಯಲ್ಲಿ ಮಲಗಿ ಮಾವುತನಿಂದ ಮೈ ಉಜ್ಜಿಸಿಕೊಳ್ಳುತ್ತಿತ್ತು. ಇಷ್ಟು ದೂರದಿಂದ ನೋಡಿದ್ದು ಸಾಕು ಎಂದುಕೊಂಡೆ. ಅಷ್ಟಕ್ಕೇ ಮುಗಿಯಲಿಲ್ಲ.

ಮಸಿನಗುಡಿಯಲ್ಲಿ ಸುಮ ಹುಡುಕಿಕೊಂಡು ಬಂದ ಹೊಲ ಅಲ್ಲಿರಲಿಲ್ಲ. ಇತ್ತು, ಆದರೆ ಹಿಂದಿನ ದಿನ ಆನೆಗಳು ಬಂದು ಹೋಗಿದ್ದವು. ಹೊಲದ ಯಜಮಾನ, ಕಿವಿಗೆ ಮಫ್ಲರ್ ಸುತ್ತಿದ ಒಬ್ಬ ವಯಸ್ಸಾದ ರೈತ, ಬೇಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಬೇಸರವೇನೂ ತೋರಿಸಲಿಲ್ಲ.

"ದೊಡ್ಡೋರು ಬಂದು ಉಂಡ್ಬುಟ್ಟು ಹೋದ್ರು. ಮಿಕ್ಕಿದ್ದು ನಮ್ಗೆ," ಎಂದ. ಆನೆಯ ಹೆಸರನ್ನು ಅವನು ಒಮ್ಮೆಯೂ ಎತ್ತಲಿಲ್ಲ. ನಮ್ಮೂರಲ್ಲಿ ಹಂದಿ ಬಂದು ಹೊಲ ಕೆಡಿಸಿದರೆ ಹಂದಿಯ ಏಳು ತಲೆಮಾರಿಗೆ ಬೈಗುಳ ಬೀಳುತ್ತದೆ.

ಸುಮಳಿಗೆ ತುಳಿದು ಬಿದ್ದ ದಂಟುಗಳಲ್ಲೇ ಹಬ್ಬ. ಅವಳು ಹೊಲದೊಳಗೆ ಹೋದರೆ ಸೊಂಟ ಬಗ್ಗಿಸಿಯೇ ನಡೆಯುತ್ತಾಳೆ. ಈ ರೋಗ ಕೆಳಗಿನ ಎಲೆಯಿಂದ ಮೇಲೇರುತ್ತದಂತೆ, ಅದಕ್ಕೆ. ಎಲೆಯ ಮೇಲೆ ದೋಣಿಯಾಕಾರದ ಬೂದು ಕಲೆ ಕಂಡರೆ ಕತ್ತರಿಸಿ ಕಾಗದದ ಲಕೋಟೆಗೆ ಹಾಕುತ್ತಾಳೆ. ಹೊರಗೆ ಬಂದ ಮೇಲೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಾಳೆ, ಬೂಟು ತೊಳೆಯುತ್ತಾಳೆ, ಕೈ ತೊಳೆಯುತ್ತಾಳೆ. ಒಂದು ಹೊಲದ ಬೂಷ್ಟು ಇನ್ನೊಂದಕ್ಕೆ ಹೋಗಬಾರದು. ಅವ್ವನ ಮಡಿಯನ್ನು ಗೇಲಿ ಮಾಡಿದ ಹುಡುಗಿ ಇವಳೇನಾ ಎಂದು ನನಗೆ ನಗು. ಆ ತೊಳೆಯುವಿಕೆಯೇ ಮುಂದೆ ನಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಕಲ್ಲಟ್ಟಿ ಘಾಟಿ

ಮಸಿನಗುಡಿಯಿಂದ ಊಟಿಗೆ ಏರುವ ದಾರಿಯನ್ನು ನಾನು ನೋಡಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಪ್ರತಿ ತಿರುವಿನಲ್ಲೂ ಪುಟ್ಟ ಬಸ್ಸು ಹಿಂದಕ್ಕೆ ಜಾರಿ, ಯೋಚನೆ ಮಾಡಿ, ಮುಂದಕ್ಕೆ ಹೋಗುತ್ತಿತ್ತು. ಡ್ರೈವರು ಒಂದು ಕೈಯಲ್ಲಿ ಬನ್ನು ತಿನ್ನುತ್ತಿದ್ದ ಎಂದು ಸುಮ ಆಮೇಲೆ ಹೇಳಿದಳು. ಮೊದಲೇ ಹೇಳಿದ್ದರೆ ನಾನು ಇಳಿದು ದೊಡ್ಡೋರ ಜೊತೆಗೇ ಇದ್ದುಬಿಡುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಸ್ಥಿತಿ ನೋಡಿ ಒಂದು ನಿಂಬೆಹಣ್ಣು ಮೂಸಲು ಕೊಟ್ಟಳು. ಮಾತಿಲ್ಲ, ಕಥೆಯಿಲ್ಲ. ಇಳಿಯುವಾಗ ನಿಂಬೆಹಣ್ಣನ್ನು ವಾಪಸು ಪಡೆದು ಸೆರಗಿಗೆ ಒರೆಸಿಕೊಂಡು ಹೋದಳು.

ಹಟ್ಟಿ

ಊಟಿಯಲ್ಲಿ ನಾವು ನಿಲ್ಲಲಿಲ್ಲ. ಅರವಂಕಾಡಿನ ಆಚೆ ಬಸ್ಸಿಳಿದು ಟೀ ತೋಟಗಳ ನಡುವಿನ ಕಾಲುದಾರಿ ಹಿಡಿದೆವು. ಮಂಜು ಎಷ್ಟಿತ್ತೆಂದರೆ ಮುಂದೆ ಹೋಗುತ್ತಿದ್ದ ಸುಮಳ ಕೊಡೆ ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯ ಸೈರನ್ ಕೂಗಿತು. ನಾನು ಟೀ ಗಿಡದ ಮೇಲೆ ಬಿದ್ದೆ. ಅಲ್ಲಿಯವರು ಆ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ.

ಸುಮಳ ಹಾಸ್ಟೆಲ್ ಗೆಳತಿಯೊಬ್ಬಳ ಅಜ್ಜಿ ಈ ಹಟ್ಟಿಯಲ್ಲಿದ್ದಳು. ಹಟ್ಟಿ ಎಂದರೆ ಆ ಬೆಟ್ಟದ ಬಡಗ ಜನರ ಊರು, ಸಾಲಾಗಿ ಒಂದಕ್ಕೊಂದು ಅಂಟಿದ ಮನೆಗಳು. ಅಜ್ಜಿಯ ಹೆಸರು ಮಾದಿ. ಅಜ್ಜಿಗೆ ಅಲ್ಲಿ ಹೆತ್ತೆ ಎನ್ನುತ್ತಾರೆ. ಬಿಳಿ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿದ ಸಣ್ಣ ಆಕಾರ. ಕೊರಳಲ್ಲಿ ಲಿಂಗದ ಕರಡಿಗೆ. ನಮ್ಮ ಅವ್ವನ ಕೊರಳಲ್ಲೂ ಅಂಥದ್ದೇ ಇದೆ. ಪರದೇಶದಲ್ಲಿ ಮನೆ ಸಿಕ್ಕಿದಂತಾಗಿ ನನಗೆ ಕಣ್ಣು ತುಂಬಿತು.

"ಬಾ ಕೂಸು, ಒಳಗ ಬಾ. ಚಳಿ ಆತಾ?" ಎಂದು ಹೆತ್ತೆ ನನ್ನ ಕೈ ಹಿಡಿದು ಒಲೆಯ ಮುಂದೆ ಕೂರಿಸಿದಳು. ಅವಳ ಮಾತು ಕನ್ನಡವೇ, ಆದರೆ ಯಾವುದೋ ಹಳೆಯ ಪೆಟ್ಟಿಗೆಯಿಂದ ತೆಗೆದ ಕನ್ನಡ. ಅರ್ಧ ತಿಳಿಯುತ್ತದೆ, ಇನ್ನರ್ಧಕ್ಕೆ ಮುಖ ನೋಡಬೇಕು.

ಮನೆಯ ಹಿತ್ತಿಲಲ್ಲಿ ಅವಳ ಮೆಕ್ಕೆಜೋಳ. ಒಂದು ಕಬಡ್ಡಿ ಅಂಗಳದಷ್ಟು ಜಾಗ, ಅಷ್ಟೇ. ಮೂರು ಕಡೆ ಟೀ. ಹೆತ್ತೆ ಮದುವೆಯಾಗಿ ಬಂದಾಗ ಅವಳ ಅತ್ತೆ ಒಂದು ಹಿಡಿ ಕೆಂಪು ಕಾಳು ಕೊಟ್ಟಿದ್ದಳಂತೆ. ಆಗ ಹಟ್ಟಿಯ ಸುತ್ತ ರಾಗಿ, ಸಾಮೆ, ಗೋಧಿ. ಆಮೇಲೆ ಎಲ್ಲರೂ ಟೀ ಹಾಕಿದರು. ಹಳೆಯ ಬೆಳೆಗಳಲ್ಲಿ ಉಳಿದದ್ದು ಇದೊಂದೇ.

"ಎಂಗ ಮಾಮಿ ಕೊಟ್ಟ ಬಿತ್ತು. ಬೇರೆ ಯಾರ ಹತ್ರಾನೂ ಇಲ್ಲೆ," ಎಂದಳು; ಮಾಮಿ ಎಂದರೆ ಅತ್ತೆ, ಬಿತ್ತು ಎಂದರೆ ಬೀಜ. "ಹೋದ ವರ್ಷ ಇಲಿ ತಿಂದು, ಉಳಿದದ್ದೆಲ್ಲಾ ಬಿತ್ತಿಬಿಟ್ಟೆ. ಮನೆಯೊಳಗ ಒಂದು ಕಾಳೂ ಇಲ್ಲೆ ಈಗ."

ತೆನೆಗಳಲ್ಲಿ ಇನ್ನೂ ಹಾಲುಗಾಳು. ಬೀಜಕ್ಕೆ ಬರಲು ತಿಂಗಳಾದರೂ ಬೇಕಿತ್ತು.

ಹಿತ್ತಿಲು

ಸುಮ ಬಗ್ಗಿ ಒಳಗೆ ಹೋದಳು. ನಾನು ಜಿಗಣೆಗೆ ಹೆದರಿ ಕಲ್ಲಿನ ಮೇಲೆ ನಿಂತೆ. ಸ್ವಲ್ಪ ಹೊತ್ತಿಗೆ ಜೋಳದ ನಡುವಿನಿಂದ ಒಂದು ಕೂಗು: "ಅಕ್ಕಾ! ಸಿಕ್ತು! ಬಾ ಇಲ್ಲಿ, ಎಷ್ಟು ಚೆನ್ನಾಗಿದೆ ನೋಡು!"

ಅವಳ ಕೈಯಲ್ಲಿದ್ದದ್ದು ಸಾಯುತ್ತಿದ್ದ ಒಂದು ಎಲೆ. ಉದ್ದುದ್ದ ಕಲೆ, ಅಂಚು ಬೇರೆ ಬಣ್ಣ. ಪಕ್ಕದ ಗಿಡದಲ್ಲಿ ಕಲೆಯ ಆಕಾರವೇ ಬೇರೆ. ಅವಳು ಮದುವೆ ಮನೆಯ ಹುಡುಗಿಯಂತೆ ಕುಣಿಯುತ್ತಿದ್ದಳು. ರೋಗ ಕಂಡು ಸಂತೋಷಪಡುವವರು ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಪಕ್ಕದ ತೋಟದಲ್ಲಿ ಟೀ ಚಿಗುರು ಕೊಯ್ಯುತ್ತಿದ್ದ ಗಂಗೆ ಎಂಬ ನೆರೆಮನೆಯ ಸೊಸೆ ಬೇಲಿಗೆ ಬಂದು ಏನೆಂದು ಕೇಳಿದಳು. ಸುಮಳಿಗೆ ಪಾಠ ಹೇಳುವ ಹುಚ್ಚು. ಹೇಳಿಯೇಬಿಟ್ಟಳು. ಈ ಬೂಷ್ಟಿನಲ್ಲಿ ಎರಡು ಬಗೆ ಇದೆ, ಗಂಡು ಹೆಣ್ಣು ಇದ್ದ ಹಾಗೆ. ಬಹಳ ಕಡೆ ಒಂದೇ ಬಗೆ ಸಿಗುತ್ತದೆ. ಇಲ್ಲಿ ಎರಡೂ ಇರಬಹುದು. ಎರಡೂ ಕೂಡಿದರೆ ಹೊಸ ಹೊಸ ಬಗೆಯ ಮರಿಗಳು ಹುಟ್ಟಬಹುದು, ಅಪ್ಪ ಅಮ್ಮನಿಗಿಂತ ಗಟ್ಟಿ. ಗಾಳಿಯಲ್ಲಿ ಹಾರಿ ಹೋಗುತ್ತವೆ. ಇಷ್ಟು ಹೇಳಿ, ಬೇಲಿಯಿಂದ ಹೊರಗೆ ಬಂದು, ಗಂಗೆಯ ಕಣ್ಣೆದುರೇ ಕತ್ತರಿ ಒರೆಸಿ, ಬೂಟು ತೊಳೆದು, ಮೊಣಕೈವರೆಗೆ ಸೋಪು ಹಚ್ಚಿಕೊಂಡಳು.

ಗಂಗೆ ಅವಳ ಬೂಟು ನೋಡಿದಳು. ಆಮೇಲೆ ತನ್ನ ಬರಿಗಾಲು ನೋಡಿಕೊಂಡಳು. ಬುಟ್ಟಿಯನ್ನು ಅಲ್ಲೇ ಇಟ್ಟು ಹಟ್ಟಿಯ ಕಡೆ ಓಡಿದಳು.

ಹೆದರಿಕೆಯ ವಿಷಯದಲ್ಲಿ ನಾನು ಅನುಭವಸ್ಥೆ. ಆ ಓಟ ನನಗೆ ಚೆನ್ನಾಗಿ ಗೊತ್ತು.

ಹಟ್ಟಿಯವರು ಬಂದರು

ನಾವು ಹೆತ್ತೆ ಕೊಟ್ಟ ಅವರೆಸಾರು ಅನ್ನ ಉಂಡು ಏಳುವಷ್ಟರಲ್ಲಿ ಹಿತ್ತಿಲ ತುಂಬ ಜನ. ಮುಂದೆ ನಿಂತವರು ಹಟ್ಟಿಯ ಹಿರಿಯರಾದ ಜೋಗಿ ಗೌಡರು. ಬಿಳಿ ರುಮಾಲು, ಮೇಲೆ ಹಳೆಯ ಕೋಟು. ಜಗಳದ ಮುಖವಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಬೈಯುವವರ ಮುಂದೆ ಅತ್ತರೆ ಕೆಲಸವಾಗುತ್ತದೆ, ಯೋಚನೆ ಮಾಡಿ ಬಂದವರ ಮುಂದೆ ಆಗುವುದಿಲ್ಲ.

"ಅಮ್ಮಾ," ಎಂದರು ಸುಮಳಿಗೆ. "ಈ ನೋವು ಎಂಗ ತೇಯಿಲೆಗೆ ಬರುವದಾ, ಇಲ್ಲೆಯಾ? ಎರಡೇ ಮಾತು."

ಸುಮ ಬಾಯಿ ತೆರೆದಳು. "ನಮಗೆ ತಿಳಿದಿರೋ ಮಟ್ಟಿಗೆ, ಟೀ ಗಿಡಕ್ಕೆ ಬಂದ ಉದಾಹರಣೆ ಇಲ್ಲ."

ಜೋಗಿ ಗೌಡರು ಹಿಂದೆ ನಿಂತವರ ಕಡೆ ತಿರುಗಿ ನೋಡಿದರು.

"ಎಂಗ ಅಪ್ಪನ ಕಾಲದಾಗೆ ತೇಯಿಲೆ ಎಲೆ ಮೇಲೆ ಗುಳ್ಳೆ ಗುಳ್ಳೆ ಕೊಪ್ಪುಳ ಎದ್ದಿತು," ಎಂದರು. "ಮೊದಲು ಬೇರೆ ಸೀಮೆಯಾಗೆ ಬಂತು. ಎಸ್ಟೇಟಿನ ದೊರೆ ಒಬ್ಬ ಅಪ್ಪನ ಹತ್ರ ಹೇಳಿದ್ದ, ತಿಳಿದ ಮಟ್ಟಿಗೆ ಅದು ಈ ಬೆಟ್ಟ ಹತ್ತದು ಅಂತ. ಹತ್ತಿತು. ಈಗಲೂ ಮಳೆ ಬಂದರೆ ಮದ್ದು ಹೊಡೀತೀವಿ. ಲೀಫು ಕೆಟ್ಟರೆ ಫ್ಯಾಕ್ಟರಿ ತಕ್ಕೊಳ್ಳದು. ಎಂಗಳಿಗೆ ಬೇರೆ ಏನಿದೆ ಅಮ್ಮಾ?"

ನಿಜ ಹೇಳಬೇಕೆಂದರೆ ಆ ಕ್ಷಣ ನಾನು ಅವರ ಕಡೆಗಿದ್ದೆ. ಕಣ್ಣು ಹಾಯುವಷ್ಟು ದೂರ ಟೀ, ಪ್ರತಿ ಮನೆಯ ಅನ್ನ ಅದರಲ್ಲೇ. ನಡುವೆ ಮರಿ ಹಾಕುವ ರೋಗ, ಗಾಳಿಯಲ್ಲಿ ಹಾರುವ ರೋಗ, ಓದಿದವಳೇ ಬೂಟು ತೊಳೆದುಕೊಳ್ಳುವ ರೋಗ. ನಾನಾಗಿದ್ದರೆ ಕೇಳುವುದಕ್ಕೂ ಬರುತ್ತಿರಲಿಲ್ಲ, ನೇರ ಬೆಂಕಿ ಪೆಟ್ಟಿಗೆ ತರುತ್ತಿದ್ದೆ.

ಅವರೂ ತಂದಿದ್ದರು. ಗಂಗೆಯ ಗಂಡನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿ ಇತ್ತು, ಇಬ್ಬರ ಕೈಯಲ್ಲಿ ಕತ್ತಿ. ಕಡಿದು, ರಾಶಿ ಹಾಕಿ, ಸುಟ್ಟುಬಿಡುವುದು ಎಂದು ಹಟ್ಟಿಯಲ್ಲಿ ಮಾತಾಗಿತ್ತು. ಹೆತ್ತೆಯ ಒಪ್ಪಿಗೆಗೆ ಕಾಯುತ್ತಿದ್ದರು, ಅಷ್ಟೇ. ಹೆತ್ತೆ ಜನರ ನಡುವೆ ಹಾದು ಹೋಗಿ ಜೋಳದ ಸಾಲಿನ ಮಧ್ಯೆ ಕೂತುಬಿಟ್ಟಳು. ಹೊರಗೆ ಅವಳ ತಲೆಯ ಬಿಳಿ ಬಟ್ಟೆ ಮಾತ್ರ ಕಾಣುತ್ತಿತ್ತು.

"ಮಾದಿ, ಏಳು," ಎಂದರು ಜೋಗಿ ಗೌಡರು.

"ಬಿತ್ತು ಆಗಲಿ, ಆಮೇಲೆ ಸುಡು," ಎಂದಳು ಒಳಗಿನಿಂದ. "ಎಂಗ ಮಾಮಿಗೆ ಏನ ಹೇಳಲಿ ನಾನು?"

ಅತ್ತೆ ಸತ್ತು ಎಷ್ಟು ಕಾಲವಾಗಿತ್ತೋ. ತಾನೂ ಸತ್ತು ಹೋದ ಮೇಲೆ ಲೆಕ್ಕ ಕೊಡಬೇಕಾದ್ದು ಅವಳಿಗೇ ಎಂಬ ಹಾಗಿತ್ತು ಆ ಮಾತು.

ಜೋಗಿ ಗೌಡರು ಸುಮಳ ಹತ್ತಿರ ಬಂದರು. "ನಾನು ಓದಿಲ್ಲೆ. ನೀ ಓದಿದವಳು. ನಿನ್ನ ರಕ್ತದವರ ಮಂಡೆ ಮುಟ್ಟಿ ಹೇಳು, ಬರದು ಅಂತ. ಅಕ್ಕ ಇದ್ದಾಳಲ್ಲ. ಹೇಳಿಬಿಡು, ಎಂಗ ಎಲ್ಲ ಮನೆಗೆ ಹೋತೀವಿ."

ಸುಮ ನನ್ನ ಕಡೆ ನೋಡಿದಳು. ಕೈ ಎತ್ತಿದಳು ಕೂಡ. ಅದು ನನ್ನ ತಲೆಯವರೆಗೆ ಬಂದು ನಿಂತಿತು. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಊಹೆ ಬರೆಯದೆ ಖಾಲಿ ಬಿಟ್ಟು ಬರುವ ಹುಡುಗಿ ಅವಳು, ಚಿಕ್ಕಂದಿನಿಂದಲೂ.

"ತಿಳಿದ ಮಟ್ಟಿಗೆ..." ಎಂದು ಕೈ ಇಳಿಸಿದಳು.

ಜೋಗಿ ಗೌಡರು ತಲೆಯಾಡಿಸಿ ಕತ್ತಿಯವರಿಗೆ ಸನ್ನೆ ಮಾಡಿದರು. ಮೊದಲ ಸಾಲಿನ ದಂಟು ಬಿತ್ತು. ಹೆತ್ತೆ ಅಳಲಿಲ್ಲ, ಬಿದ್ದ ದಂಟನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

ನನಗೆ ಆಮೇಲೆ ಏನಾಯಿತೋ ಗೊತ್ತಿಲ್ಲ. ಜಗತ್ತಿನಲ್ಲಿ ಯಾವುದಕ್ಕೂ ಮುಂದೆ ಬರದ ನಾನು ಮುಂದೆ ಬಂದಿದ್ದೆ. ಆ ಜನಕ್ಕೆ ಬೇಕಾದದ್ದು ಶಿಲೀಂಧ್ರದ ಪಾಠವಲ್ಲ. ತಮ್ಮ ಹೆದರಿಕೆಯಲ್ಲಿ ಪಾಲು ತೆಗೆದುಕೊಳ್ಳುವ ಒಬ್ಬ ಮನುಷ್ಯ ಬೇಕಿತ್ತು. ರಾತ್ರಿ ಕಳ್ಳ ಬರುವುದಿಲ್ಲ ಎಂದು ಗಂಡ ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ, ಅವನು ಎದ್ದು ಬಾಗಿಲ ಹತ್ತಿರ ಹಾಸಿಗೆ ಹಾಕಿಕೊಂಡರೆ ಬರುತ್ತದೆ. ಅಷ್ಟೇ ಲೆಕ್ಕ.

ನಾನು ಸುಮಳ ತಲೆಯ ಮೇಲೆ ಕೈ ಇಟ್ಟೆ. ಅವಳ ಕೂದಲು ಮಂಜಿಗೆ ಒದ್ದೆಯಾಗಿತ್ತು. ಕೈಯ ಕೆಳಗೆ ಅವಳು ಒಂದಿಷ್ಟೂ ಅಲುಗಲಿಲ್ಲ.

"ಈ ರೋಗ ನಿಮ್ಮ ಟೀಗೆ ಬರೋದಿಲ್ಲ," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ಬಂದರೆ ಇವಳಿಗೆ ಬರಲಿ."

ಕತ್ತಿ ನಿಂತಿತು. ಗಂಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಜೋಗಿ ಗೌಡರು ಕೋಟಿನೊಳಗೆ ಕೈ ಹಾಕಿ ಲಿಂಗ ಮುಟ್ಟಿಕೊಂಡರು. "ಆತು," ಎಂದರು. "ಬಿತ್ತು ಆಗಲಿ. ಆಮೇಲೆ ದಂಟು ಎಲೆ ಎಲ್ಲ ಸುಡಬೇಕು, ಮಾದಿ."

"ಸುಡುವೆ," ಎಂದಳು ಹೆತ್ತೆ.

ಸೀಮೆಎಣ್ಣೆ ಡಬ್ಬಿ ಬಂದ ದಾರಿಯಲ್ಲೇ ವಾಪಸಾಯಿತು. ಹೆತ್ತೆ ಜೋಳದಿಂದ ಎದ್ದು ಬಂದು ನನ್ನನ್ನು ದಾಟಿ ಹೋಗಿ ಸುಮಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

ಕೂನೂರಿನಿಂದ ಕೆಳಗೆ

ಮೆಟ್ಟುಪಾಳ್ಯಕ್ಕೆ ಇಳಿಯುವ ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಪ್ರಪಾತವೂ ಕಂಡಿತು, ತಿರುವಿನಲ್ಲಿ ಕೂತಿದ್ದ ಕೋತಿಗಳೂ ಕಂಡವು. ಯಾವುದೂ ನನ್ನನ್ನು ಹೆದರಿಸಲಿಲ್ಲ. ಹೆದರಿಕೆಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು.

ಸುಮ ಲಕೋಟೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಬರ್ಲಿಯಾರು ದಾಟಿದ ಮೇಲೆ ಬಾಯಿ ಬಿಟ್ಟಳು.

"ಏನ್ ಗೊತ್ತು ಅಂತ ಹೇಳ್ದೆ ನೀನು? ನಿನಗೆ ಬೂಷ್ಟಿನ ಹೆಸರೂ ಸರಿಯಾಗಿ ಬರಲ್ಲ."

"ಬೂಷ್ಟು ಗೊತ್ತಿಲ್ಲ. ನೀನು ಗೊತ್ತು."

"ಅಂದ್ರೆ?"

"ನಿನಗೆ ನಿಜವಾಗಿ ಅನುಮಾನ ಇದ್ದಿದ್ರೆ, ನಾನು ತಲೆ ಮೇಲೆ ಕೈ ಇಟ್ಟಾಗ ಬೆಚ್ಚಿ ಬೀಳ್ತಿದ್ದೆ. ನಡುಗ್ತಿದ್ದೆ. ಕಲ್ಲಿನಂಗೆ ನಿಂತಿದ್ದೆ. ಅದಕ್ಕೇ ಧೈರ್ಯ ಬಂತು, ಕೊನೇ ಮಾತು ಹೇಳಿಬಿಟ್ಟೆ."

ಅವಳು ನನ್ನ ಕಡೆ ತಿರುಗಿದಳು. ಆಣೆ, ಶಕುನ, ದೃಷ್ಟಿ ಎಲ್ಲವನ್ನೂ ಗೇಲಿ ಮಾಡುತ್ತಿದ್ದ ಹುಡುಗಿಯ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಅಕ್ಕ, ನಡುಗೋದು ನೀನು," ಎಂದಳು. "ನಾನು ಹೆದರಿದ್ರೆ ನಡುಗಲ್ಲ. ಮರಗಟ್ಟಿ ಹೋಗ್ತೀನಿ. ಚಿಕ್ಕಂದಿನಿಂದ ಹಂಗೇ. ನಿಂಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಬೆಳೆದವರು ನಾವು. ಅವಳು ಧೈರ್ಯವಂತೆ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಗುಡುಗಿನ ರಾತ್ರಿಗಳಲ್ಲಿ ನಾನು ಅವಳನ್ನು ತಬ್ಬಿಕೊಂಡು ಅಳುವಾಗ ಅವಳು ಅಲುಗದೆ ಮಲಗಿರುತ್ತಿದ್ದಳು. ಅಂಥ ಎಷ್ಟು ರಾತ್ರಿ ಅವಳು ನನಗಿಂತ ಹೆಚ್ಚು ಹೆದರಿದ್ದಳೋ ಏನೋ. ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಆ ಎಲೆಗಳಿಂದ ಸುಮಳಿಗೆ ಬೇಕಾದದ್ದು ಸಿಕ್ಕಿತು, ಡಾಕ್ಟರೇಟೂ ಆಯಿತು. ಹೆತ್ತೆಯ ಕಾಳು ಆ ವರ್ಷ ಬಲಿತು ಬೀಜವಾಯಿತು, ಮರುವರ್ಷ ಮತ್ತೆ ಬಿತ್ತಿದಳು. ಗೆಳತಿ ಫೋನು ಮಾಡಿದಾಗಲೆಲ್ಲ ಸುಮ ಬಂದು ಹೇಳುತ್ತಾಳೆ. ನಾನು ಹೆತ್ತೆ ಹೇಗಿದ್ದಾಳೆ ಎಂದು ಕೇಳುವ ಮೊದಲು ಟೀ ಹೇಗಿದೆ ಎಂದು ಕೇಳುತ್ತೇನೆ.

"ಇದುವರೆಗೆ ಚೆನ್ನಾಗಿದೆ," ಎನ್ನುತ್ತಾಳೆ ಅವಳು.

ಆ ಒಂದು ಪದವನ್ನು ಬಿಟ್ಟು ಹೇಳು ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಬಿಡುವುದಿಲ್ಲ. ನಾನು ಒಲೆ ಆರಿಸಿ ಬಂದು ಅವಳ ಹಣೆ ಮುಟ್ಟಿ ನೋಡುತ್ತೇನೆ. ಅವಳು ಅಲುಗದೆ ನಿಲ್ಲುತ್ತಾಳೆ.